ರೊಟ್ಟಿ ಯಾವ ಒಲೆಯದು

ಆ ಮನೆಯಲ್ಲಿ ಎರಡು ಒಲೆ ಇದ್ದವು. ನಾನು ಒಂದು ಅಂತ ಬರೆದೆ. ಬರೆದೆ ಅನ್ನುವುದೂ ದೊಡ್ಡ ಮಾತು. ಮೊಬೈಲಿನ ಗಾಜಿನ ಮೇಲೆ ಹೆಬ್ಬೆರಳು ಒತ್ತಿದೆ, ಅಷ್ಟೇ. ಅಷ್ಟಕ್ಕೇ ಒಬ್ಬ ಹೆಣ್ಣುಮಗಳ ಹೆಸರು ಮನೆ ಮಂಜೂರಾತಿಯ ಪಟ್ಟಿಯಿಂದ ಬಿದ್ದುಹೋಯಿತು. ಅದನ್ನು ನೆಟ್ಟಗೆ ಮಾಡಲು ಹೋಗಿ ನಾನು ಇನ್ನೇನು ಮಾಡಿದೆ ಅನ್ನುವುದನ್ನು ಇಲ್ಲಿ ಟೈಪ್ ಮಾಡುತ್ತಿದ್ದೇನೆ. ನನಗೆ ಟೈಪಿಂಗ್ ನಿಧಾನ. ಒಂದೇ ಬೆರಳು. ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿರುತ್ತದೆ.

ಯರಗಟ್ಟಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಏಳನೇ ತರಗತಿಗೆ ಸಾಲಿ ಬಿಟ್ಟು, ಅಡತಿ ಅಂಗಡಿಗಳಲ್ಲಿ ಹತ್ತಿ ತುಂಬಿದ ಅಂಡಿಗೆಯ ಮೂಟೆ ಹೊತ್ತು, ಆಮೇಲೆ ಮೂವತ್ತಮೂರನೇ ವಯಸ್ಸಿಗೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಪರೀಕ್ಷೆಯ ಮೊದಲ ದಿನ ಸವದತ್ತಿಯ ಕೇಂದ್ರದ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನನ್ನ ಮೀಸೆ ನೋಡಿ, "ಪಾಲಕರು ಗೇಟಿನ ಹೊರಗ ನಿಂದರ್ರಿ, ಎಷ್ಟ ಸಲಾ ಹೇಳಬೇಕ್ರಿ" ಅಂದಿದ್ದರು. ಹಾಲ್ ಟಿಕೆಟ್ ತೋರಿಸಿದ ಮೇಲೆ ಅವರೇ ನಾಚಿ ಬೆಂಚಿನ ಧೂಳು ಒರೆಸಿಕೊಟ್ಟರು. ಮೂವತ್ತೇಳಕ್ಕೆ ಪಿಯುಸಿಯೂ ಆಯಿತು. ತಡವಾಗಿ ಓದಿದವನಿಗೆ ಅಚ್ಚಾದ ಅಕ್ಷರದ ಮೇಲೆ ಕುರುಡು ನಂಬಿಕೆ ಇರುತ್ತದೆ. ಚಿಕ್ಕಂದಿನಲ್ಲಿ ಓದಿದವರು ಪುಸ್ತಕವನ್ನು ಬೈಯಲೂ ಕಲಿತಿರುತ್ತಾರೆ. ನನಗೆ ಆ ಭಾಗ್ಯ ಇರಲಿಲ್ಲ.

ಹಾಗಾಗಿ ಮನೆಮನೆ ಸಮೀಕ್ಷೆಗೆ ಪಿಯುಸಿ ಆದವರು ಬೇಕು ಅಂತ ಕರೆದಾಗ ನಾನೇ ಮುಂದಾಗಿ ಹೋದೆ. ಬೈಲಹೊಂಗಲದ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನದ ತರಬೇತಿ. ಹಿಂದಿನ ದಿನದ ಮದುವೆಯ ಅಕ್ಕಿಕಾಳು ಇನ್ನೂ ಹಾಸಿನ ಮೇಲಿದ್ದವು. ವೇದಿಕೆಯ ಮೇಲೆ, ವಧೂವರರ ಕುರ್ಚಿಯಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಮೇಲ್ವಿಚಾರಕರು ಕೂತಿದ್ದರು. ಬೆಂಗಳೂರಿನ ಕಡೆಯವರು. ಸಣ್ಣ ವಯಸ್ಸು.

"ನೋಡಿ, ಡೇಟಾ ಇಲ್ದೆ ದೇಶ ಕಟ್ಟೋಕಾಗಲ್ಲ. ಎಷ್ಟು ಜನ ಬಡವರಿದಾರೆ, ಯಾರಿಗೆ ಮನೆ ಇಲ್ಲ, ಯಾರಿಗೆ ಗ್ಯಾಸ್ ಇಲ್ಲ, ಇದೆಲ್ಲ ಸರ್ಕಾರಕ್ಕೆ ಗೊತ್ತಾಗೋದು ನಿಮ್ಮಿಂದ. ನೀವು ದೇಶದ ಕಣ್ಣು" ಅಂದರು.

ನಾನು ನೋಟ್‌ಬುಕ್ಕಿನಲ್ಲಿ 'ದೇಶದ ಕಣ್ಣು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಪುಟ ಈಗಲೂ ಅಂಗಡಿಯಲ್ಲಿದೆ. ಅದನ್ನು ತೆರೆದರೆ ಮೈ ಉರಿಯುತ್ತದೆ.

ಎರಡನೇ ದಿನ ಕುಟುಂಬ ಅಂದರೆ ಏನು ಅನ್ನುವ ಪಾಠ. ಒಂದು ಸೂರಿನ ಕೆಳಗೆ ಇದ್ದವರೆಲ್ಲ ಒಂದು ಕುಟುಂಬ ಅಲ್ಲವಂತೆ. ಒಂದು ಒಲೆಯ ಮೇಲೆ ಬೇಯಿಸಿದ ಊಟ ಉಂಡವರು ಒಂದು ಕುಟುಂಬ. ಒಲೆ ಬೇರೆ ಆದರೆ ಕುಟುಂಬವೂ ಬೇರೆ. ಇದು ನನಗೆ ಬಹಳ ಹಿಡಿಸಿತು. ಎಷ್ಟು ಸುಲಭ! ದೇಶ ಇಷ್ಟು ಸಲೀಸಾಗಿ ಅಳತೆಗೆ ಸಿಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನನಗೆ ಹಂಚಿಕೆಯಾದದ್ದು ಯರಗಟ್ಟಿಯಿಂದ ಸವದತ್ತಿ ಕಡೆಗೆ ಒಳಹೊಕ್ಕರೆ ಸಿಗುವ ಒಂದು ಹಳ್ಳಿ. ಅಲ್ಲಿಗೆ ಬಸ್ಸು ದಿನಕ್ಕೆ ಎರಡೇ ಸಲ. ನಾನು ಹೋಗುತ್ತಿದ್ದದ್ದು ಹಾಲಿನ ಕ್ಯಾನು ಸಾಗಿಸುವ ಟೆಂಪೊದಲ್ಲಿ. ಅದರ ಡ್ರೈವರ್ ಅದೇ ಊರಿನ ಒಬ್ಬ ಮುಸಲ್ಮಾನ, ನನಗಿಂತ ನಾಲ್ಕು ವರ್ಷ ದೊಡ್ಡವನು, ಬಾಯಿ ಅಂದರೆ ಬಾಯಿ. ನನ್ನ ಕೊರಳಿನ ಚೀಟಿ ನೋಡಿದ ದಿನದಿಂದ ಅವನು ನನ್ನನ್ನು ಸರಕಾರ ಅಂತಲೇ ಕರೆದ.

"ಬರ್ರಿ ಸರಕಾರ, ಮುಂದ ಕುಂದರ್ರಿ. ಹಿಂದ ಕ್ಯಾನು ಅದಾವ, ಅವನ್ನೂ ಎಣಿಸಿಗಿಣಿಸೀರಿ."

"ನಗಬ್ಯಾಡ ಭಾಯ್. ನಾಳೆ ಇದರ ಮ್ಯಾಲೇ ನಿಮಗ ಎಲ್ಲಾ ಸಿಗೂದು."

"ನನ್ನ ಹುಟ್ಟಿದಾಗಿಂದ ಎಣಸಾಕತ್ತಾರ್ರಿ. ದನಾ ಎಣಸಾಕ ಬಂದವ್ರು ನನ್ನೂ ಎಣಿಸಿದ್ರು, ಪಾಯಖಾನಿ ಎಣಸಾಕ ಬಂದವ್ರು ನನ್ನೂ ಎಣಿಸಿದ್ರು. ಎಣಿಸಿ ಎಣಿಸಿ ಸವದ ಹೋದ್ನಿ ನೋಡ್ರಿ, ತೂಕಾನ ಇಳದೈತಿ."

ಇವನು ಓದಿದವನಲ್ಲ, ಇವನಿಗೆ ತಿಳಿಯುವುದಿಲ್ಲ ಅಂದುಕೊಂಡೆ. ಹೌದು, ಏಳು ವರ್ಷದ ಹಿಂದೆ ಕ್ವಿಂಟಲ್ ಅಂಡಿಗೆ ಹೊರುತ್ತಿದ್ದ ನಾನೇ ಹಾಗೆ ಅಂದುಕೊಂಡೆ. ಪಿಯುಸಿ ಪಾಸಾದವನ ಸೊಕ್ಕು ಬಿಎ ಪಾಸಾದವನಿಗೂ ಇರುವುದಿಲ್ಲ.

ಪ್ರಶ್ನೆಗಳು ಹೇಗಿದ್ದವು ಅಂದರೆ, ಮೇಲಿನವರು ನಮ್ಮ ಊರುಗಳನ್ನು ವಿಮಾನದಿಂದ ನೋಡಿ ಬರೆದ ಹಾಗಿದ್ದವು. ನಿಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆಯೇ? ಕೇಳಿದ್ದು ಊರ ಮುಂದಿನ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಗೆ. ಆಕೆ ಒಗೆಯುವ ಕಲ್ಲು ತೋರಿಸಿ, "ಇದ ನೋಡಪಾ, ನಮ್ಮತ್ತಿ ಕಾಲದ್ದು, ಒಂದ ದಿನಾ ರಿಪೇರಿಗೆ ಬಂದಿಲ್ಲ" ಅಂದಳು. ವಾರದಲ್ಲಿ ಎಷ್ಟು ಸಲ ಹಣ್ಣು ತಿನ್ನುತ್ತೀರಿ? "ಯಾವಾಗ ಜಡ್ಡ ಬೀಳತೀವಿ ಆವಾಗ್ರಿ." ಅದಕ್ಕೆ ಖಾನೆ ಇರಲಿಲ್ಲ. ನಾನು 'ಕೆಲವೊಮ್ಮೆ' ಒತ್ತಿದೆ. ಹೀಗೆ ಒತ್ತಿದ ಉತ್ತರಗಳು ತಾವೇ ಮೇಲೆ ಹೋಗುತ್ತಿರಲಿಲ್ಲ. ಊರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಬೇವಿನ ಮರದ ಕಟ್ಟೆಯ ಮೇಲೆ ಮಾತ್ರ, ಅದೂ ನಿಂತುಕೊಂಡರೆ. ಸಂಜೆಗೆ ನಾನು ಕಟ್ಟೆ ಹತ್ತಿ ಕೈ ಮೇಲೆತ್ತಿ ನಿಲ್ಲುತ್ತಿದ್ದೆ. ಊರವರು, ಸರ್ವೇದವಗ ದೇವರು ಬಂತು ಅನ್ನುತ್ತಿದ್ದರು.

ಈಗ ಆ ಮನೆಯ ವಿಷಯ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಹಿತ್ತಲ ಕಡೆ ತಗಡು ಹೊದಿಸಿದ ಒಂದು ಕೋಣೆ. ಮುಂದೆ ಇದ್ದವರು ತಮ್ಮ, ಅವನ ಹೆಂಡತಿ ಮತ್ತು ಮಕ್ಕಳು. ಹಿಂದಿನ ತಗಡಿನ ಕೋಣೆಯಲ್ಲಿ ಅವನ ತೀರಿಕೊಂಡ ಅಣ್ಣನ ಹೆಂಡತಿ, ಐವತ್ತೈದರ ಆಸುಪಾಸಿನ ವಿಧವೆ, ಒಬ್ಬಳೇ. ಸ್ವಂತ ಮನೆಯಿಲ್ಲದ ಒಂಟಿ ಹೆಣ್ಣುಮಕ್ಕಳಿಗೆ ಈ ಸಮೀಕ್ಷೆಯ ಮೇಲೇ ಮನೆ ಕೊಡುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಬೇರೆ ಕುಟುಂಬ ಅಂತ ದಾಖಲಾದರೆ ಆಕೆಗೆ ರೇಷನ್ ಕಾರ್ಡು, ಗ್ಯಾಸು, ಎರಡು ಕೋಣೆಯ ಮನೆ. ಒಂದೇ ಕುಟುಂಬ ಅಂತಾದರೆ ಮೈದುನನ ಚೀಟಿಯಲ್ಲಿ ಎಂಟನೇ ಹೆಸರು.

ಮೈದುನ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದ. "ಬರಕೊಳ್ರಿ ಸರ. ಒಂದ ಮನಿ, ಎಂಟ ಮಂದಿ. ನಮ್ಮ ಅಣ್ಣ ಹೋಗಿ ಹನ್ನೊಂದ ವರ್ಷ ಆತು, ಇವತ್ತಿನತನಾ ಮನಿ ಒಡದಿಲ್ಲ. ಊರಾಗ ಯಾರನ್ನರ ಕೇಳ್ರಿ."

ಕೆಟ್ಟ ಮನುಷ್ಯನಲ್ಲ. ಅಣ್ಣನ ಪಾಲಿನ ಹೊಲ ತಾನೇ ಉತ್ತು ವೈನಿಗೆ, ಅಂದರೆ ಅತ್ತಿಗೆಗೆ, ವರ್ಷಕ್ಕೆ ಲೆಕ್ಕದ ಜೋಳ ಅಳೆದು ಹಾಕುತ್ತಿದ್ದ. ಆದರೆ ವೈನಿ ಬೇರೆ ಇದ್ದಾಳೆ ಅಂತ ಕಾಗದದ ಮೇಲೆ ಬಂದರೆ ಊರು ಏನು ಅಂದೀತು ಅನ್ನುವುದು ಅವನ ಹೆದರಿಕೆ. ಮನೆಯ ಮರ್ಯಾದೆ ಅವನಿಗೆ ತಲೆಯ ಮೇಲಿನ ರುಮಾಲು. ಆಕೆ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಮೈದುನನ ಎದುರಿಗೆ ಮಾತಾಡುವ ರೂಢಿ ಆ ಮನೆಯಲ್ಲಿಲ್ಲ.

ನಾನು ಕೈ ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋದೆ. ಆಕೆ ತಂಬಿಗೆ ಕೊಟ್ಟು ಮೆಲ್ಲಗೆ ಕೇಳಿದಳು, "ಸರ, ನನ್ನ ಒಲಿ ನೋಡೀರೇನ್ರಿ?"

ನೋಡಿದೆ. ತಗಡಿನ ಕೋಣೆಯ ಮೂಲೆಯಲ್ಲಿ ಮಣ್ಣಿನ ಒಲೆ, ನೀಟಾಗಿ ಸಾರಿಸಿದ್ದು. ಮೇಲೆ ಪುಂಡಿಪಲ್ಯ ಕುದಿಯುತ್ತಿತ್ತು. ಇನ್ನೇನು ಬೇಕಿತ್ತು? ಎರಡು ಒಲೆ, ಎರಡು ಕುಟುಂಬ. ಬೇರೆ ಯಾವ ಊರಿನ ಗಣತಿದಾರ ಬಂದಿದ್ದರೂ ಒತ್ತಿ ಎದ್ದುಹೋಗುತ್ತಿದ್ದ. ಆದರೆ ನಾನು ಈ ನೆಲದವನಲ್ಲವೇ? ನಮ್ಮಲ್ಲಿ ಊಟ ಅಂದರೆ ರೊಟ್ಟಿ. ಉಳಿದದ್ದೆಲ್ಲ ರೊಟ್ಟಿಗೆ ಹಚ್ಚಿಕೊಳ್ಳುವುದು. ನಾನು ಕೇಳಿದೆ, "ರೊಟ್ಟಿ ಎಲ್ಲಿ ಮಾಡತೀರಿ?"

ಆಕೆ ಬಲಗೈ ಮುಂದೆ ಚಾಚಿದಳು. ಮಣಿಕಟ್ಟು ಸೊಟ್ಟಗಿತ್ತು. "ಎರಡ ವರ್ಷದ ಹಿಂದ ಟ್ರ್ಯಾಕ್ಸ್ ಗಾಡಿಯಿಂದ ಇಳಿಯುವಾಗ ಬಿದ್ನಿರಿ. ನಾಟಿ ವೈದ್ಯ ಕಟ್ಟಿದ, ಎಲಬು ಹಿಂಗ ಕೂಡಿತು. ರೊಟ್ಟಿ ಬಡಿಯಾಕ ಬರೂದಿಲ್ರಿ. ನನ್ನ ತಂಗಿನ ಬಡದ ಕೊಡತಾಳ." ತಂಗಿ ಅಂದರೆ ಮೈದುನನ ಹೆಂಡತಿ.

ಆಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಾನು ಯೋಚನೆಗೆ ಬಿದ್ದೆ. ರೊಟ್ಟಿ ಆ ಒಲೆಯದು. ಹಾಗಾದರೆ ಊಟ ಆ ಒಲೆಯದು. ಪಲ್ಯ ಎಲ್ಲಿ ಕುದ್ದರೇನು? ನಿಯಮ ಅಂದರೆ ನಿಯಮ. ಹೀಗೆ ನಾನು ಬೈಲಹೊಂಗಲದ ಪಾಠವನ್ನು ನಮ್ಮ ಊರಿನ ಜ್ಞಾನದ ಜೊತೆ ನಾದಿ, ಬಹಳ ಪ್ರಾಮಾಣಿಕವಾಗಿ, ಬಹಳ ಹೆಮ್ಮೆಯಿಂದ, 'ಒಂದು' ಅಂತ ಒತ್ತಿದೆ. ಅಡುಗೆ ಅನಿಲ ಇದೆಯೇ? ಮುಂದಿನ ಮನೆಯಲ್ಲಿದೆ, ಇದೆ. ಹಿತ್ತಲಲ್ಲಿ ಹೊಗೆಗೆ ಕಣ್ಣುಜ್ಜುತ್ತಿದ್ದವಳು ದೇಶದ ಲೆಕ್ಕದಲ್ಲಿ ಗ್ಯಾಸ್ ಇದ್ದವಳಾದಳು.

ಹಿಟ್ಟು ಯಾರದು ಅಂತ ನಾನು ಕೇಳಲೇ ಇಲ್ಲ.

ಕೆಲವು ತಿಂಗಳಾದ ಮೇಲೆ ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದರು. ಮರುದಿನವೇ ಟೆಂಪೊದವನು ಆಕೆಯನ್ನು ನನ್ನ ಅಂಗಡಿಯ ಮುಂದೆ ಇಳಿಸಿದ. "ಸರಕಾರ, ನಿಮ್ಮ ಗಿರಾಕಿ ಬಂದಾರ ನೋಡ್ರಿ. ಎಣಿಸಿ ಕಳದೀರಂತಲ್ಲ" ಅಂದ. ಈ ಸಲ ಅವನು ನಗಲಿಲ್ಲ.

ಆಕೆ ಜಗುಲಿಯ ಮೇಲೆ ಕೂತಳು. ಚಹಾ ತರಿಸಿದೆ, ಮುಟ್ಟಲಿಲ್ಲ.

"ತಮ್ಮಾ, ನನ್ನ ಒಲಿ ತೋರಿಸಿದ್ನೆಲ್ಲಪಾ. ನಿನ್ನ ಕಣ್ಣಿಗೆ ಅದು ಒಲಿ ಅನಸಲಿಲ್ಲೇನು?"

"ಹಂಗಲ್ಲ ಅಕ್ಕಾರ. ರೊಟ್ಟಿ ಅವರ ಒಲಿ ಮ್ಯಾಲ…"

"ರೊಟ್ಟಿ ಅಕಿ ಒಲಿ ಮ್ಯಾಲ. ಹಿಟ್ಟ ಯಾರದು? ಜ್ವಾಳಾ ನಂದು, ಗಿರಣಿಗೆ ಹೊತಗೊಂಡ ಹೋಗಾಕಿ ನಾನು, ಅಕಿ ರೊಟ್ಟಿ ಒಲಿಗೆ ಕಟಗಿ ನಾ ಆರಿಸಿದ್ದು. ಎಂಟ ದಿನಕ್ಕೊಮ್ಮೆ ಬುಟ್ಟಿ ಹಿಟ್ಟ ಒಯ್ದ ಇಡತೀನಿ. ಅಕಿ ಬಡದ ಕೊಡತಾಳ, ನಾ ಅಕಿ ಎಮ್ಮಿ ಹಿಂಡಿ ಮಜ್ಜಿಗಿ ಕಡದ ಕೊಡತೀನಿ, ಎಡಗೈಲೆ. ಯಾರ ರೊಟ್ಟೀನೂ ನಾ ತಿಂದಿಲ್ಲ."

ಮಜ್ಜಿಗೆಗೆ, ಕಟ್ಟಿಗೆಗೆ, ಸೊಟ್ಟ ಕೈಗೆ ಆ ಆ್ಯಪಿನಲ್ಲಿ ಖಾನೆ ಇರಲಿಲ್ಲ, ನಿಜ. ಆದರೆ ಹಿಟ್ಟು ಯಾರದು ಅಂತ ಕೇಳುವ ನಾಲಿಗೆ ನನ್ನ ಬಾಯಲ್ಲಿತ್ತಲ್ಲ.

ಬೈಲಹೊಂಗಲಕ್ಕೆ ಹೋದೆ. ಮೇಲ್ವಿಚಾರಕರು ಒಂದು ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಗೋಡೆಗೆ ನಮ್ಮ ತಾಲ್ಲೂಕುಗಳ ನಕಾಶೆ, ಅದರ ತುಂಬ ಹಸಿರು ಬಣ್ಣ. ಹಸಿರು ಅಂದರೆ ಸಮೀಕ್ಷೆ ಮುಗಿದ ಊರು. ನನ್ನ ತಪ್ಪು ಕೂಡ ಅದರಲ್ಲಿ ಹಸಿರಾಗಿ ನಗುತ್ತಿತ್ತು.

"ಸಬ್ಮಿಟ್ ಆದ್ಮೇಲೆ ಎಡಿಟ್ ಆಗಲ್ಲ" ಅಂದರು.

"ಸರ, ತಪ್ಪ ನಂದು. ನಾನ ಹೇಳಾಕತ್ತೇನಲ್ರಿ."

"ನಿಮ್ಮ ತಪ್ಪು ನಿಮ್ಮದೇ, ಒಪ್ಕೋತೀನಿ. ಆದ್ರೆ ಡೇಟಾ ಈಗ ನಿಮ್ಮದಲ್ಲ. ಅವರಿಂದ ಆಕ್ಷೇಪಣೆ ಕೊಡ್ಸಿ. ಮರುಪರಿಶೀಲನೆಗೆ ನಾನೇ ಬರ್ತೀನಿ."

ದೇಶದ ಕಣ್ಣು ಅಂದಿದ್ದರಲ್ಲ, ಕಣ್ಣು ತಾನು ಕಂಡದ್ದು ಸುಳ್ಳು ಅಂದರೂ ನಂಬದ ಮಿದುಳು ಅದು! ಅಂಗಡಿಗೆ ಬಂದು ಆಕೆಯ ಆಕ್ಷೇಪಣೆ ಟೈಪ್ ಮಾಡಿದೆ. ಅರ್ಧ ಹಾಳೆಗೆ ಒಂದು ಮಧ್ಯಾಹ್ನ ಹಿಡಿಯಿತು. ಆಕೆ ಎಡಗೈಯ ಹೆಬ್ಬೆಟ್ಟು ಒತ್ತಿದಳು. ಹೋಗುವ ಮುಂಚೆ ಕೇಳಿದಳು, "ಆ ಸಾಹೇಬ ಬಂದಾಗ ರೊಟ್ಟಿ ಎಲ್ಲಿದು ಅಂತ ಕೇಳತಾನೇನು?"

ನನಗಾದ ಪಾಠ ನನ್ನ ತಲೆಯಲ್ಲಿ ಇನ್ನೂ ಬಿಸಿ ಇತ್ತು. "ಕೇಳೇ ಕೇಳತಾರ ಅಕ್ಕಾರ. ಅವತ್ತರ ನಿಮ್ಮ ಒಲಿ ಮ್ಯಾಲ ರೊಟ್ಟಿ ಇರಬೇಕು" ಅಂದೆ. ಇದು ನಾನು ಮಾಡಿದ ಎರಡನೇ ಬುದ್ಧಿವಂತಿಕೆ.

ಮರುಪರಿಶೀಲನೆಯ ದಿನ ನಾನು ಮುಂಜಾನೆಯೇ ಟೆಂಪೊ ಹಿಡಿದು ಹೋಗಿದ್ದೆ. ಹಿತ್ತಲಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಮ್ಮ ಕಡೆ ಆ ಸದ್ದಿಗೆ ಒಂದು ಓಟ ಇರುತ್ತದೆ, ಪಟಪಟ ಅಂತ. ಇದು ಹಾಗಿರಲಿಲ್ಲ. ಒಂದು ಏಟು, ನಿಲ್ಲುವುದು, ಉಸಿರು, ಇನ್ನೊಂದು ಏಟು. ಎಡಗೈಯಲ್ಲಿ ಬಡಿದು ಸೊಟ್ಟ ಬಲಗೈಯ ಅಂಚಿನಿಂದ ತಿರುವುತ್ತಿದ್ದಳು. ರೊಟ್ಟಿ ಹಂಚಿಗೆ ಏರುವ ಮೊದಲೇ ಎರಡು ತುಂಡಾಗುತ್ತಿತ್ತು. ತುಂಡನ್ನು ತುಂಡಿಗೆ ಕೂಡಿಸಿ ನೀರು ಸವರುತ್ತಿದ್ದಳು. ಹಣೆಯಿಂದ ಬೆವರು ಹಿಟ್ಟಿನೊಳಗೆ ಬೀಳದಂತೆ ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಮೈದುನನ ಹೆಂಡತಿ ಬಾಗಿಲಲ್ಲಿ ನಿಂತು, "ಅಕ್ಕಾ, ಎರಡ ನಾ ಬಡದ ನಿನ್ನ ಹಂಚಿನ ಮ್ಯಾಲ ಹಾಕತೇನಿ, ಯಾರಿಗೆ ತಿಳಿತೈತಿ?" ಅಂದಳು.

"ಬ್ಯಾಡವ್ವಾ. ಸುಳ್ಳ ಆಗತೈತಿ."

ಸಾಹೇಬರ ಕಾರು ಹನ್ನೆರಡು ದಾಟಿದ ಮೇಲೆ ಬಂತು. ಬುಟ್ಟಿಯಲ್ಲಿ ಆರು ರೊಟ್ಟಿ ಇದ್ದವು, ಒಂದೊಂದೂ ಒಂದೊಂದು ಆಕಾರ, ಅಂಗೈ ದಪ್ಪ. ಆಕೆ ಬುಟ್ಟಿಯನ್ನು ಒಲೆಯ ಪಕ್ಕಕ್ಕೆ, ಕಣ್ಣಿಗೆ ಬೀಳುವ ಹಾಗೆ ಸರಿಸಿ ಇಟ್ಟಳು. ಸಾಹೇಬರು ತಗಡಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು ಮೂಗಿಗೆ ಕರ್ಚೀಫು ಹಿಡಿದರು.

"ಅನ್ನ ಎಲ್ಲಿ ಬೇಯಿಸ್ಕೋತೀರಮ್ಮ?"

ಆಕೆ ಅರ್ಥವಾಗದೆ ನನ್ನ ಮುಖ ನೋಡಿದಳು. ಅನ್ನ ಆಕೆ ಮಾಡುತ್ತಿದ್ದದ್ದು ಅಮಾವಾಸ್ಯೆಗೆ, ಹುಣ್ಣಿಮೆಗೆ. "ಇಲ್ಲೇರಿ" ಅಂದಳು.

"ಇಲ್ಲೇ ಅಂದ್ರೆ ಈ ಒಲೆನೇ?"

"ಹೌದ್ರಿ."

ಒಲೆಯ ಫೋಟೊ ಒಂದು, ಆಕೆಯದೊಂದು. ಎರಡು ನಿಮಿಷ. "ಪ್ರತ್ಯೇಕ ಕುಟುಂಬ. ಆಯ್ತು" ಅಂದು ಬಗ್ಗಿ ಹೊರಗೆ ಹೋದರು. ರೊಟ್ಟಿಯ ಬುಟ್ಟಿಯನ್ನು ಅವರು ನೋಡಲೇ ಇಲ್ಲ. ಫೋಟೊಗೆ ಅಡ್ಡ ಬರುತ್ತದೆ ಅಂತ ಕಾಲಿನಿಂದ ಬದಿಗೆ ಸರಿಸಿದ್ದರು, ಅಷ್ಟೇ. ಏನೂ ತಿಳಿಯದ ಮನುಷ್ಯ ಸರಿಯಾದ ಉತ್ತರ ಒತ್ತಿ ಹೋದ. ಎಲ್ಲಾ ತಿಳಿದ ನಾನು ತಪ್ಪು ಒತ್ತಿದ್ದೆ. ದೇಶ ಕಟ್ಟುವ ಕೆಲಸ ಇದೇ ಆದರೆ ನಾಣ್ಯ ಚಿಮ್ಮಿ ಕಟ್ಟಬಹುದು, ಟೆಂಪೊದ ಡೀಸೆಲ್ಲಾದರೂ ಉಳಿಯುತ್ತದೆ.

ಮೈದುನ ಅಂದು ಪಡಸಾಲೆಯಲ್ಲೇ ಕೂತಿದ್ದ. ಸಾಹೇಬರು ಅವನ ಸಹಿ ತೆಗೆದುಕೊಂಡರು. ಕಾರು ಹೋದ ಮೇಲೆ ಅವನು ನನ್ನನ್ನು ಕೇಳಿದ, "ಅಂದ್ರ ಇವತ್ತಿನಿಂದ ನಾವು ಎರಡ ಮನಿ ಅನ್ರಿ?"

"ಕಾಗದದ ಮ್ಯಾಲ ಅಷ್ಟರಿ."

"ಕಾಗದ ಅಂದ್ರ ಸುಳ್ಳೇನ್ರಿ? ನೀವ ಸರ್ವೇಕ್ಕ ಬಂದಾಗ ಹೇಳಿದ್ರೆಲ್ಲ, ದೇಶ ಅದರ ಮ್ಯಾಲ ನಿಂತೈತಿ ಅಂತ." ಹೆಂಡತಿಯ ಕಡೆ ತಿರುಗಿದ. "ಸರಕಾರನ ಬ್ಯಾರೆ ಮಾಡೈತಿ. ಇನ್ನ ಬ್ಯಾರೆನ ಇರಲಿ. ನಾಳೆಯಿಂದ ಅವರ ಹಿಟ್ಟ ಈ ಒಲಿಗೆ ಬರಬಾರದು."

ತಲೆಯ ರುಮಾಲು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ. ಸಿಟ್ಟಿನಿಂದಲೋ ಅವಮಾನದಿಂದಲೋ ಹೇಳಲಾರೆ. ಹನ್ನೊಂದು ವರ್ಷ ಒಡೆಯದ ಮನೆ. ಅದನ್ನು ಒಡೆದದ್ದು ಅತ್ತೆಯಲ್ಲ, ಸೊಸೆಯಲ್ಲ, ಹೊಲವಲ್ಲ. ಎಣಿಸಲು ಬಂದವರು ಎಣಿಸಿಯೇ ಒಡೆದರು. ಇದ್ದದ್ದನ್ನು ಇದ್ದಂತೆ ಬರೆಯುತ್ತೇವೆ ಅಂತ ತರಬೇತಿಯಲ್ಲಿ ಹೇಳಿದ್ದರು. ನಾವು ಬರೆದಂತೆ ಅದು ಆಗಬೇಕಾಯಿತು.

ಎರಡನೇ ಪಟ್ಟಿಯಲ್ಲಿ ಆಕೆಯ ಹೆಸರು ಬಂತು. ಮನೆ ಇನ್ನೂ ಬಂದಿಲ್ಲ. ಅದರ ಮುಂದೆ 'ಪ್ರಗತಿಯಲ್ಲಿದೆ' ಅಂತ ಇದೆ. ಹೋದ ತಿಂಗಳು ಪಟ್ಟಿಯ ಝೆರಾಕ್ಸ್ ಕೊಡಲು ಹೋಗಿದ್ದೆ. ಗ್ಯಾಸೂ ಬಂದಿರಲಿಲ್ಲ. ತಗಡಿನ ಕೋಣೆಯಲ್ಲಿ ಅದೇ ಹೊಗೆ. ಆಕೆ ಕಾಗದವನ್ನು ಮಡಿಸಿ ಜೋಳದ ಡಬ್ಬಿಯೊಳಗೆ ಇಟ್ಟು, ತಾಟಿನಲ್ಲಿ ಒಂದು ದಪ್ಪ ರೊಟ್ಟಿ, ಗುರೆಳ್ಳಿನ ಚಟ್ನಿಪುಡಿ ಹಾಕಿ ನನ್ನ ಮುಂದೆ ಇಟ್ಟಳು.

"ತಿನ್ನಪಾ. ಸರ್ವೇ ರೊಟ್ಟಿ. ಹಲ್ಲ ಗಟ್ಟಿ ಅದಾವಿಲ್ಲೋ?"

ತಿಂದೆ. ನಡುವೆ ಹಸಿಯಿತ್ತು, ಅಂಚು ಸೀದಿತ್ತು. ಆಕೆ ಬಲಗೈ ಮಣಿಕಟ್ಟಿಗೆ ಅರಿವೆ ಸುತ್ತಿಕೊಂಡಿದ್ದಳು. ಊದಿಕೊಂಡದ್ದು ಅರಿವೆಯ ಮೇಲಿಂದಲೇ ಕಾಣುತ್ತಿತ್ತು.

ಅಷ್ಟರಲ್ಲಿ ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆಯಿತು. ಮೈದುನನ ಹೆಂಡತಿ. ಸೆರಗಿನೊಳಗಿಂದ ನಾಲ್ಕು ತೆಳ್ಳನೆ ರೊಟ್ಟಿ ತೆಗೆದು, ಹೊತ್ತಿಗೆ ಸರಿಯಾಗಿ ಮಾಡುವ ಕೆಲಸದ ಹಾಗೆ, ಅಕ್ಕನ ಬುಟ್ಟಿಗೆ ಹಾಕಿದಳು. ಬುಟ್ಟಿಯ ಬದಿಗಿದ್ದ ಮಜ್ಜಿಗೆ ತಂಬಿಗೆಯನ್ನು ಸೆರಗಿನೊಳಗೆ ತೆಗೆದುಕೊಂಡಳು. ತಿರುಗಿದವಳಿಗೆ ಬಾಗಿಲ ಬದಿಗೆ ಕೂತಿದ್ದ ನಾನು ಕಂಡೆ. ನನ್ನ ಬಾಯಲ್ಲಿ ಇನ್ನೂ ರೊಟ್ಟಿಯಿತ್ತು.

ಅವಳು ನನ್ನ ಅಂಗಿಯ ಕಿಸೆ ನೋಡಿದಳು. ಮೊಬೈಲ್ ಅಲ್ಲೇ ಇತ್ತು.

"ಇದನ್ನೊಂದ ಬರಕೋಬ್ಯಾಡ್ರಿ ಮತ್ತ" ಅಂದಳು.